ನಕ್ಷೆಯಲ್ಲಿ ಇಲ್ಲದ ದೇಶಕ್ಕೂ ಒಬ್ಬ ದೊರೆ ಬೇಕು

ಪುಟ್ಟ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳ ಹಿಡಿದು ಯುದ್ಧವಾಡುವ ಹವ್ಯಾಸದಲ್ಲಿ ವಸಾಹತು ಕಾಲದ ಯುದ್ಧಗಳಿಗೆ ಬಹಳ ಹಿಂದಿನಿಂದಲೂ ವಿಶೇಷ ಸ್ಥಾನವಿದೆ. ಕೆಂಪು ಕೋಟು, ಬಿಳಿ ಟೋಪಿ, ಒಂಟೆಯ ಸಾಲು, ನದಿಯಲ್ಲಿ ಬರುವ ಫಿರಂಗಿ ದೋಣಿ ಎಲ್ಲವೂ ಬಣ್ಣ ಹಚ್ಚುವವರಿಗೆ ಹಬ್ಬ. ಒಂದು ಸಂಜೆಯ ಕಾಳಗ ಸಾಲದೆನಿಸಿದವರು ತಿಂಗಳುಗಟ್ಟಲೆ ಸಾಗುವ ದಂಡಯಾತ್ರೆಯನ್ನೇ ಯೋಜಿಸುತ್ತಾರೆ. ನಕ್ಷೆಯ ಮೇಲೆ ಪಡೆಗಳು ಚಲಿಸುತ್ತವೆ, ಎದುರುಬದುರಾದಾಗ ಮೇಜಿನ ಮೇಲೆ ಕಾಳಗ ನಡೆಯುತ್ತದೆ. ಇವರಲ್ಲಿ ಅನೇಕರು ಸುಡಾನನ್ನೋ ಜುಲು ನಾಡನ್ನೋ ಬಿಟ್ಟು ಒಂದು ಕಲ್ಪಿತ ದೇಶವನ್ನು ಹೂಡಿಕೊಳ್ಳುತ್ತಾರೆ. ದೇಶ ಕಲ್ಪಿತವಾದರೆ ಚರಿತ್ರೆಯ ಹಂಗಿಲ್ಲ, ಓದುವ ಹೊರೆಯಿಲ್ಲ, ಯಾರ ನೋವಿಗೂ ಉತ್ತರ ಹೇಳಬೇಕಿಲ್ಲ ಎಂಬುದು ಇದರ ಹಿಂದಿನ ನಂಬಿಕೆ. ನಾನು ಇದನ್ನು ಒಪ್ಪಲಾರೆ. ಈ ಹವ್ಯಾಸದ ಮೇಲಿನ ಪ್ರೀತಿಯೇ ನನ್ನನ್ನು ಒಪ್ಪಗೊಡುವುದಿಲ್ಲ.

ಕಲ್ಪಿತ ದೇಶಗಳು ಶೂನ್ಯದಲ್ಲಿ ಹುಟ್ಟುವುದಿಲ್ಲ. 1826ರ ಜೂನ್‌ನಲ್ಲಿ ಹಾವರ್ತ್‌ನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ತನ್ನ ಮಗನಿಗೆಂದು 12 ಮರದ ಸೈನಿಕರನ್ನು ತಂದರು. ಆ ಬೊಂಬೆಗಳಿಂದ ಅವರ ಮಕ್ಕಳಾದ ಷಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆ್ಯನ್ ಸೇರಿ ಒಂದು ಸಾಮ್ರಾಜ್ಯವನ್ನೇ ಕಟ್ಟಿದರು. ಯಾರ್ಕ್‌ಷೈರಿನ ಮನೆಯೊಳಗೆ ಹುಟ್ಟಿದ ಆ ಕತೆಯ ನೆಲ ಮಾತ್ರ ಪಶ್ಚಿಮ ಆಫ್ರಿಕದ ಕರಾವಳಿ. ಎದುರಾಳಿಗಳು ಅಲ್ಲಿನ ಅಶಾಂಟಿ ಜನ. ಷಾರ್ಲಟ್ ತನ್ನ ಬೊಂಬೆಗೆ ಇಟ್ಟ ಹೆಸರು ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದದ್ದು. ಮಕ್ಕಳ ಕಲ್ಪನೆಯ ಒಳಗೂ ಸಾಮ್ರಾಜ್ಯ ತನ್ನ ನಕ್ಷೆಯನ್ನು, ತನ್ನ ನಾಯಕನನ್ನು ಹೊತ್ತೇ ಬಂದಿತ್ತು. ಎಚ್.ಜಿ. ವೆಲ್ಸ್ 1911ರಲ್ಲಿ ಬರೆದ ‘ಫ್ಲೋರ್ ಗೇಮ್ಸ್’ ಪುಸ್ತಕದಲ್ಲೂ ನೆಲದ ಮೇಲೆ ದ್ವೀಪಗಳನ್ನು ಹರಡಿ, ಹಡಗಿನಲ್ಲಿ ಹೋಗಿ ಇಳಿದು ವಶಪಡಿಸಿಕೊಳ್ಳುವ ಆಟವೊಂದಿದೆ.

ಇಂದಿನ ಯೋಜನೆಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಒಂದೇ. ಆಕ್ರಮಣಕ್ಕೆ ಬರುವ ಪಡೆಗೆ ಜನರಲ್ ಇದ್ದಾನೆ, ರೆಜಿಮೆಂಟುಗಳಿಗೆ ಹೆಸರಿದೆ, ಬಾವುಟದ ಬಣ್ಣಕ್ಕೂ ಒಂದು ಕತೆಯಿದೆ. ಎದುರು ಪಕ್ಷಕ್ಕೆ ಬಂದಾಗ ಚೀಟಿ ಎತ್ತಿದರೆ ಗುಡ್ಡದ ಹಿಂದಿನಿಂದ ಮೂರು ಗುಂಪು ‘ಸ್ಥಳೀಯರು’ ಏಳುತ್ತಾರೆ, ದಾಳ ಬಿದ್ದಂತೆ ಓಡಿ ಬರುತ್ತಾರೆ. ಆ ದೇಶದ ದೊರೆಯ ಕುರ್ಚಿಯಲ್ಲಿ ಯಾರೂ ಕೂತಿರುವುದಿಲ್ಲ. ಸುಡಾನ್ ಯುದ್ಧದ ಬಗ್ಗೆ ಹವಾರ್ಡ್ ವೈಟ್‌ಹೌಸ್ ರೂಪಿಸಿದ ‘ಸೈನ್ಸ್ ವರ್ಸಸ್ ಪ್ಲಕ್’ ನಿಯಮಗಳಲ್ಲಿ ಆಟಗಾರರೆಲ್ಲ ಬ್ರಿಟಿಷ್ ಪಡೆಯ ಅಧಿಕಾರಿಗಳು. ಎದುರಾಳಿ ನಾಯಕ ಮಹದಿಯ ಪಡೆಯನ್ನು ತೀರ್ಪುಗಾರನೇ ನಡೆಸುತ್ತಾನೆ. ಮುಂದೇನಿದೆ ಎಂದು ತಿಳಿಯದ ದಂಡನಾಯಕನ ಅಂಜಿಕೆಯನ್ನು ಆಟದೊಳಗೆ ತರಲು ಅದು ಒಳ್ಳೆಯ ಉಪಾಯ. ಆದರೆ ಅಲ್ಲಿನ ತೀರ್ಪುಗಾರನಿಗೆ ಮಹದಿ, ಅವನ ಸೇನಾನಿ ಉಸ್ಮಾನ್ ದಿಗ್ನಾ ಮೊದಲಾದವರು ನಿಜವಾಗಿ ಮಾಡಿದ್ದರ ಆಸರೆಯಿದೆ. ಕಲ್ಪಿತ ದೇಶದ ತೀರ್ಪುಗಾರನಿಗೆ ಅಂಥದ್ದೇನೂ ಇಲ್ಲ. ಅವನ ಕೈಗೆ ಸಿಗುವುದು ಹಳೆಯ ಸಾಹಸ ಕಾದಂಬರಿಗಳ, ಸಿನಿಮಾಗಳ ‘ಕಾಡು ಜನ’ ಮಾತ್ರ. ಚರಿತ್ರೆಯನ್ನು ಬಿಟ್ಟು ಹೊರಟವರ ಬಳಿ ಕೊನೆಗೆ ಉಳಿಯುವುದು ಆ ಚರಿತ್ರೆಯ ಅತಿ ಕೆಟ್ಟ ಭಾಗ.

ನಿಜವಾದ ದೊರೆಗಳ ಮುಂದಿದ್ದ ಆಯ್ಕೆಗಳನ್ನು ನೋಡಿದರೆ ಈ ಖಾಲಿ ಕುರ್ಚಿಯಿಂದ ಆಟ ಕಳೆದುಕೊಳ್ಳುವುದು ಎಷ್ಟೆಂದು ತಿಳಿಯುತ್ತದೆ. 1878ರ ಡಿಸೆಂಬರ್ 11ರಂದು ದಕ್ಷಿಣ ಆಫ್ರಿಕದ ಬ್ರಿಟಿಷ್ ಅಧಿಕಾರಿ ಬಾರ್ಟ್ಲ್ ಫ್ರಿಯರ್ ಜುಲು ದೊರೆ ಸೆಟ್ಶ್ವಾಯೊಗೆ ಗಡುವು ಕಳಿಸಿದ. ಸೈನ್ಯದ ವ್ಯವಸ್ಥೆಯನ್ನೇ ಕಳಚಿಹಾಕಬೇಕೆಂಬ ಆ ಷರತ್ತನ್ನು ಯಾವ ದೊರೆಯೂ ಒಪ್ಪುವಂತಿರಲಿಲ್ಲ. ಲಂಡನ್ನಿಗೆ ಈ ಯುದ್ಧ ಬೇಕಿರಲಿಲ್ಲ. ಆದರೆ ತಡೆಯೋಣವೆಂದರೆ ದಕ್ಷಿಣ ಆಫ್ರಿಕಕ್ಕೆ ನೇರ ತಂತಿ ಇನ್ನೂ ಇರಲಿಲ್ಲ. ಇಸಾಂಡ್ಲ್ವಾನದಲ್ಲಿ 1879ರ ಜನವರಿ 22ರಂದು ಬ್ರಿಟಿಷರಿಗೆ ಆದ ಸೋಲಿನ ಸುದ್ದಿ ಲಂಡನ್ ತಲುಪಿದ್ದು ಫೆಬ್ರವರಿ 11ಕ್ಕೆ. ಇತ್ತ ಸೆಟ್ಶ್ವಾಯೊ ತನ್ನ ಪಡೆಗೆ ಗಡಿ ದಾಟಿ ಬ್ರಿಟಿಷರ ನಟಾಲ್‌ಗೆ ನುಗ್ಗಬಾರದೆಂದು ಹೇಳಿದ್ದ. ಆ ಮಾತನ್ನು ಮೀರಿ ಅಲ್ಲಿನ ರೋರ್ಕ್ಸ್ ಡ್ರಿಫ್ಟ್ ಠಾಣೆಯ ಮೇಲೆ ದಾಳಿ ಮಾಡಿದವನು ಅವನ ತಮ್ಮ ದಬುಲಮಾಂಜಿ. ಗೆದ್ದ ಪಡೆ ಒಟ್ಟಾಗಿ ನಿಲ್ಲಲಿಲ್ಲ, ಊರೂರಿಗೆ ಚದುರಿತು. ಮಾತು ಕೇಳದ ತಮ್ಮ, ಗೆದ್ದರೂ ಕೈಗೆ ಸಿಗದ ಸೈನ್ಯ, ಸಂಧಿಯ ಆಸೆಗೆ ತಡೆದು ಹಿಡಿದ ಗೆಲುವು: ಯಾವ ಆಟಗಾರ ಇಂಥ ಪಾತ್ರವನ್ನು ಬೇಡವೆನ್ನುತ್ತಾನೆ? 1964ರ ‘ಜುಲು’ ಸಿನಿಮಾ ನೋಡಿ ಆಟ ಕಟ್ಟುವವರು ರೋರ್ಕ್ಸ್ ಡ್ರಿಫ್ಟ್‌ನ ಚೀಲಗಳ ಗೋಡೆಯನ್ನು ಕೊನೆಯ ಚೀಲದವರೆಗೆ ಬಲ್ಲರು, ದೊರೆಯ ಈ ಇಕ್ಕಟ್ಟನ್ನು ಮಾತ್ರ ಮುಟ್ಟುವುದಿಲ್ಲ.

ನಮ್ಮ ನೆಲದಲ್ಲೇ ಇನ್ನೂ ಒಳ್ಳೆಯ ಮಾದರಿಯಿದೆ. ಚನ್ನಗಿರಿಯ ಧೋಂಡಿಯ ವಾಘ ಟಿಪ್ಪುವಿನ ಸೆರೆಯಲ್ಲಿದ್ದವನು, ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಹೊರಬಿದ್ದ. ಟಿಪ್ಪುವಿನ ಸೈನ್ಯ ಚದುರಿ ಕೆಲಸ ಕಳೆದುಕೊಂಡ ಕುದುರೆ ಸವಾರರು ಅವನ ಸುತ್ತ ಕೂಡಿದರು. 1800ರ ಮುಂಗಾರಿನಲ್ಲಿ ವೆಲ್ಲೆಸ್ಲಿ ಅವನ ಬೆನ್ನು ಹತ್ತಿ ಹರಿಹರದ ಬಳಿ ತುಂಬಿದ ತುಂಗಭದ್ರೆಯನ್ನು ದಾಟಿದ. ಮುಂದೆ ರಾಣೆಬೆನ್ನೂರು, ಡಂಬಳ, ಮಲಪ್ರಭೆಯ ದಂಡೆಯ ಮುನವಳ್ಳಿ. ಧೋಂಡಿಯನ ಕೊನೆಯಾದದ್ದು ಸೆಪ್ಟೆಂಬರ್ 10ರಂದು, ಕೋನಗಲ್ಲಿನಲ್ಲಿ. ಕಾಳಗ ನಡೆದ ದಿನಗಳು ಕೆಲವೇ. ಉಳಿದದ್ದೆಲ್ಲ ಅಕ್ಕಿ, ಹೇರೆತ್ತು, ಹರಿಗೋಲು, ಮಳೆ, ಮರಾಠ ಸರದಾರರ ಮನಸ್ಸು. ವೆಲ್ಲೆಸ್ಲಿಯ ಆ ಕಾಲದ ಪತ್ರಗಳಲ್ಲಿ ಮತ್ತೆ ಮತ್ತೆ ಬರುವುದೂ ಇವೇ. ಇದಕ್ಕೆ ಒಂಬತ್ತು ವರ್ಷ ಮೊದಲು, 1791ರಲ್ಲಿ, ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಮೇವಿಲ್ಲದೆ ಎತ್ತುಗಳು ಸತ್ತಾಗ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದಿರುಗಿದ್ದ. ಇಂಥ ಸುಗ್ಗಿ, ಮೇವು, ನದಿ, ಹಸಿದ ಸವಾರರು ಇಲ್ಲದ ಕಲ್ಪಿತ ದೇಶದಲ್ಲಿ ಆಡುವುದಕ್ಕೆ ಏನು ಉಳಿಯುತ್ತದೆ?

ಲೆಕ್ಕ ಬಂದರೆ ಆಟ ಸಾಯುತ್ತದೆ ಎನ್ನುವವರಿದ್ದಾರೆ. ಲೆಕ್ಕ ಅತಿಯಾದರೆ ಸಾಯುವುದು ನಿಜ. ಅದಕ್ಕೆ ಹೇರೆತ್ತು, ದವಸ, ಸರದಾರರ ನಿಷ್ಠೆ ಈ ಮೂರನ್ನು ಮಾತ್ರ ವಾರಕ್ಕೊಮ್ಮೆ ಬರೆದಿಟ್ಟರೆ ಸಾಕು. ಇನ್ನು ವಸಾಹತು ಯುದ್ಧದ ಆಟವನ್ನೇ ಬಿಟ್ಟುಬಿಡಿ ಎನ್ನುವವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಮುತ್ತಿಗೆಗೆ ಒಳಗಾದವರ ಕಡೆಯಿಂದ ಯೋಚಿಸಿ ಕಟ್ಟಿದ ಆಟದಲ್ಲಿ ತಿಳಿಯುವುದು ಬಹಳಷ್ಟಿದೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಹಾಗಾಗಿ ಹೊಸ ದೇಶವೊಂದನ್ನು ಹೂಡಲು ಕೂತವರು ಬಣ್ಣದ ಡಬ್ಬಿ ತೆರೆಯುವ ಮೊದಲು ದೊರೆಯ ಪಾತ್ರ ಯಾರದೆಂದು ತೀರ್ಮಾನಿಸಲಿ. ಅವನ ಬೊಕ್ಕಸಕ್ಕೆ ಹಣ ಎಲ್ಲಿಂದ, ಯಾವ ತಿಂಗಳು ಅವನ ರೈತರು ಹೊಲದಲ್ಲಿರಬೇಕು, ಯಾವ ದಾಯಾದಿ ಶತ್ರುವಿನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದಾನೆ ಎಂಬುದನ್ನು ಅವನೇ ಬರೆಯಲಿ. ಅವನ ಗೆಲುವಿನ ಷರತ್ತೂ ಬೇರೆಯಿರಬೇಕು: ಒಂದು ಕಾಳಗವನ್ನೂ ಗೆಲ್ಲದೆ ಮಳೆಗಾಲದವರೆಗೆ ಸೈನ್ಯ ಉಳಿಸಿಕೊಂಡರೆ ಅದೂ ಗೆಲುವೇ. ಈ ಪಾತ್ರ ವಹಿಸುವವರು ಮೇಜಿನ ಬಳಿಯೇ ಇರಬೇಕೆಂದಿಲ್ಲ. ಬೇರೆ ಊರಿನಲ್ಲಿ ಕೂತು ವಾರಕ್ಕೊಂದು ಅಪ್ಪಣೆ ಬರೆದು ಕಳಿಸಬಹುದು. ಆ ಅಪ್ಪಣೆ ಸರದಾರನಿಗೆ ತಲುಪಿತೋ, ತಲುಪಿದರೂ ಅವನು ನಡೆಸಿದನೋ ಎಂಬುದನ್ನಷ್ಟೇ ದಾಳ ಹೇಳಲಿ.