‘ಅರ್ಜಿ ಸ್ವೀಕರಿಸಲಾಗಿದೆ’: ಯಾರು, ಯಾವಾಗ?

ಬಿಟ್ಟಂಗಾಲದಂಥ ಊರಲ್ಲೂ ಈಗ ಅಮೆರಿಕದ ವಲಸೆ ಇಲಾಖೆಯ ಬರಹ ಓದುವವರಿದ್ದಾರೆ. ಅಲ್ಲಿರೋ ಮಗಳು ಕೆಲಸದ ಪರವಾನಗಿಗೆ ಅರ್ಜಿ ಹಾಕಿರ್ತಾಳೆ. ರಸೀದಿ ಸಂಖ್ಯೆಯ ಮೂರು ಅಕ್ಷರ, ಹತ್ತು ಅಂಕಿ ಇಲ್ಲಿ ಅಪ್ಪ-ಅಮ್ಮನಿಗೂ ಬಾಯಿಪಾಠ. ದಿನಾ ನೋಡಿದ್ರೂ ಉತ್ತರ ಒಂದೇ: ‘ಅರ್ಜಿ ಸ್ವೀಕರಿಸಲಾಗಿದೆ.’

ಈ ವಾಕ್ಯವನ್ನು ಒಂದು ಸಾಹಿತ್ಯ ಅಂತಲೇ ಓದಿ ನೋಡಿ. ಕರ್ತೃವೇ ಇಲ್ಲ. ಈಗ ಯಾರ ಮೇಜಿನ ಮೇಲಿದೆ, ಯಾವತ್ತು ಮುಗಿಯುತ್ತೆ, ಒಂದೂ ಇಲ್ಲ. ಬೇರೆ ಕಡೆ ಕೊಡುವ ಅಂದಾಜು ಅವಧಿ ಹಳೆಯ ಅರ್ಜಿಗಳ ಲೆಕ್ಕ. ನಮಗೆ ಕೊಟ್ಟ ಮಾತಲ್ಲ.

ಗ್ರೀನ್ ಕಾರ್ಡಿನ ದಾರಿಯಲ್ಲಿರುವ ಎಚ್-1ಬಿ ನೌಕರರ ಸಂಗಾತಿಗಳು, ಅಂದ್ರೆ ಎಚ್-4ನವರು, 2015ರ ಮೇ 26ರಿಂದ ಐ-765 ನಮೂನೆಯಲ್ಲಿ ಈ ಪರವಾನಗಿ ಕೇಳಬಹುದು. ಆದ್ರೆ ಕಾರ್ಡಿನ ಅವಧಿ ಎಚ್-4ರ ಗಡುವು ದಾಟೋ ಹಾಗಿಲ್ಲ. ಕಾಯಿಸಿದ ತಿಂಗಳುಗಳನ್ನು ಕೊನೆಗೆ ಸೇರಿಸಿ ಕೊಡಲ್ಲ. ತಡ ಇಲಾಖೆಯದು, ಹೋಗೋದು ಅವಳ ಸಂಬಳ.

ನಮ್ಮ ಕಚೇರಿಗಳನ್ನು ಬೈಯೋದು ನಮಗೆ ಅಭ್ಯಾಸ. ಹಾಗಿದ್ರೂ 2012ರಲ್ಲಿ ಶುರುವಾದ ‘ಸಕಾಲ’ದ ಅಡಿ ವಿರಾಜಪೇಟೆಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ರೂ ಸ್ವೀಕೃತಿಯಲ್ಲಿ ಕೊನೆಯ ದಿನಾಂಕ ಇರಬೇಕು. ತಡವಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ ಕೇಳಬಹುದು. ಕೈಗೆ ಬರೋದು ಬಿಡೋದು ಬೇರೆ ಮಾತು, ಮೊತ್ತವೂ ಸಣ್ಣದೇ. ಆದ್ರೆ ತಡಕ್ಕೆ ಹೊಣೆಗಾರ ಒಬ್ಬ ಅಧಿಕಾರಿ ಅಂತ ಆ ಕಾನೂನು ಬರೆದಿಟ್ಟಿದೆ. ಅಮೆರಿಕದ ಆ ಒಂದು ಸಾಲಿನಲ್ಲಿ ಇಲ್ಲದ್ದು ಅದೇ.