ಹೊರಕೆರೆದೇವಪುರದ ಮಗು ಯಾವ ಅಂಕಿಯಲ್ಲಿದೆ?

ಸರಕಾರಿ ವರದಿಯನ್ನೂ ಕತೆಯಂತೆಯೇ ಓದಬೇಕು ಎನ್ನುವವನು ನಾನು. ಕತೆಯಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರನ್ನು ಬಿಡಲಾಗಿದೆ ಎಂಬುದೂ ಮುಖ್ಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಕರ್ನಾಟಕದ ಪುಟಗಳನ್ನು ಹಾಗೆ ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಶೇ. 32.9 ಮಂದಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಮಕ್ಕಳ ರಕ್ತಹೀನತೆಯಂತೂ 2015-16ರ ಶೇ. 60.9ರಿಂದ 65.5ಕ್ಕೆ ಏರಿದೆ.

ಸಮೀಕ್ಷೆಯ ಪ್ರಾಮಾಣಿಕತೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಜರಡಿಯ ಕಣ್ಣಿನ ಗಾತ್ರದ ಬಗ್ಗೆ. ಇಡೀ ರಾಜ್ಯದಲ್ಲಿ ಮಾಹಿತಿ ಪಡೆದದ್ದು 26,574 ಮನೆಗಳಿಂದ. ಹಾಗಾಗಿ ಅದು ಜಿಲ್ಲೆಗಿಂತ ಕೆಳಗೆ ಇಳಿಯಲಾರದು. ಚಿತ್ರದುರ್ಗದ ಆರು ತಾಲೂಕುಗಳಿಗೂ ಸೇರಿ ಒಂದೇ ಅಂಕಿ! ಹೊಳಲ್ಕೆರೆಯ ಅಡಿಕೆ ತೋಟದ ಮನೆ, ಮೊಳಕಾಲ್ಮೂರಿನ ಕೂಲಿಯವನ ಮನೆ ಎರಡೂ ಅದರಲ್ಲಿ ಕರಗಿಬಿಡುತ್ತವೆ. ಹೊರಕೆರೆದೇವಪುರದ ಪಂಚಾಯತಿ ಸದಸ್ಯರೊಬ್ಬರು ತಮ್ಮೂರ ಮಕ್ಕಳ ಬಗ್ಗೆ ಕೇಳಿದರೆ ಈ ಪುಟ ಮೂಕ. ಜಿಲ್ಲಾ ಪುಟದಲ್ಲಿ ಜಾತಿ, ಧರ್ಮದ ವಿಂಗಡಣೆಯೂ ಇಲ್ಲ. 2006ರಲ್ಲಿ ಸಾಚಾರ್ ಸಮಿತಿ ಮಾಡಿದ ಮುಖ್ಯ ಕೆಲಸವೆಂದರೆ ಸರಕಾರದ ಬಳಿಯೇ ಇದ್ದ ಲೆಕ್ಕವನ್ನು ಸಮುದಾಯವಾರು ಬಿಡಿಸಿಟ್ಟದ್ದು. ಅಷ್ಟಕ್ಕೇ ಎಷ್ಟೊಂದು ಚರ್ಚೆಯಾಯಿತು!

ಸರಾಸರಿಯ ಪರಿಣಾಮ ತಟ್ಟೆಯವರೆಗೂ ಬರುತ್ತದೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಮೊದಲು ಬಂದದ್ದು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಿಗೆ, ಅಲ್ಲಿನ ಅಪೌಷ್ಟಿಕತೆಯನ್ನು ಮುಂದಿಟ್ಟು. ಸರಿಯಾದ ಆಯ್ಕೆಯೇ. ಆದರೆ ಬಳ್ಳಾರಿಗೆ ಅಂಟಿಕೊಂಡೇ ಇರುವ ಮೊಳಕಾಲ್ಮೂರಿನ ಮಗು 2022-23ರವರೆಗೆ ಕಾಯಬೇಕಾಯಿತು. ಕೆಲವು ಮಠಾಧೀಶರ ವಿರೋಧದ ಗದ್ದಲದಲ್ಲಿ ಈ ಪ್ರಶ್ನೆ ಹಿಂದೆ ಸರಿಯಿತು.

ಉರ್ದುವಿನಲ್ಲಿ 'ಶುಮಾರ್' ಎಂದರೆ ಎಣಿಕೆ. ಜನಗಣತಿಗೆ 'ಮರ್ದುಮ್ ಶುಮಾರಿ' ಎನ್ನುತ್ತಾರೆ. ಅದೇ ಪದ ಕನ್ನಡಕ್ಕೆ ಬಂದು 'ಸುಮಾರು' ಆಯಿತು, ಎಣಿಕೆ ಹೋಗಿ ಅಂದಾಜು ಉಳಿಯಿತು. ನಮ್ಮ ಕಚೇರಿಗಳಲ್ಲಿ ಆಗುವುದೂ ಹಲವು ಸಲ ಇದೇ.

2021ರ ಮಾರ್ಚಿನಲ್ಲಿ ಬಂದ ಪೋಷಣ್ ಟ್ರ್ಯಾಕರ್ ಈ ಕೊರತೆಯನ್ನು ತುಂಬಬೇಕಿತ್ತು. ಇಲ್ಲಿ ಅಂಗನವಾಡಿ ಕಾರ್ಯಕರ್ತೆಯೇ ಪ್ರತಿ ಮಗುವಿನ ಎತ್ತರ, ತೂಕವನ್ನು ಮೊಬೈಲಿಗೆ ಏರಿಸುತ್ತಾರೆ. ಆದರೆ 2024ರ ಜೂನ್‌ನ ದೇಶದ ಲೆಕ್ಕ ನೋಡಿ: ಎತ್ತರ ಕುಂಠಿತವಾದವರು ಸುಮಾರು ಶೇ. 35, ಕುಟುಂಬ ಸಮೀಕ್ಷೆಯ 35.5ಕ್ಕೆ ಹೊಂದುತ್ತದೆ. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಮಾತ್ರ ಸಮೀಕ್ಷೆಯಲ್ಲಿ ಶೇ. 19.3, ಇಲ್ಲಿ ಶೇ. 5! ನಡುವೆ ಕೆಲವು ವರ್ಷಗಳು ಕಳೆದಿವೆ, ಟ್ರ್ಯಾಕರ್ ಎಣಿಸುವುದು ನೋಂದಣಿಯಾಗಿ ಅಳತೆಗೆ ಬಂದ ಮಕ್ಕಳನ್ನು ಮಾತ್ರ ಎಂಬುದೂ ನಿಜ. ಆದರೂ ತೆಳ್ಳಗಿನ ಮಕ್ಕಳು ಇಷ್ಟು ಬೇಗ ಮೈ ತುಂಬಿಕೊಂಡು, ಎತ್ತರ ಮಾತ್ರ ಇದ್ದಲ್ಲೇ ಇದೆ ಎಂಬುದನ್ನು ನಂಬುವುದು ಕಷ್ಟ. ಈ ಅಳತೆಗೆ ಎತ್ತರ, ತೂಕ ಎರಡೂ ನಿಖರವಾಗಿರಬೇಕು. ಅಳುವ ಮಗುವನ್ನು ನೇರ ಮಲಗಿಸಿ ಅಳೆದವರಿಗೆ ಅದರ ಕಷ್ಟ ಗೊತ್ತು. ಹತ್ತು ಕೆಲಸ ಹೊತ್ತ ಕಾರ್ಯಕರ್ತೆಯನ್ನು ದೂರಿ ಪ್ರಯೋಜನವಿಲ್ಲ. ಹೆಚ್ಚು ಸಂಖ್ಯೆ ತೋರಿಸಿದರೆ ಮೇಲಿನಿಂದ ನೋಟಿಸು ಬರುವುದಾದರೆ ಯಾರು ತಾನೇ ತೋರಿಸುತ್ತಾರೆ?

ಅಂಗನವಾಡಿಯ ತಿಂಗಳ ಮೊತ್ತವನ್ನು, ಮಕ್ಕಳ ಹೆಸರು ಬಿಟ್ಟು, ಪಂಚಾಯತಿಯ ಫಲಕದಲ್ಲಿ ಬರೆಯಲಿ. ಎಷ್ಟು ಮಕ್ಕಳನ್ನು ತೂಗಿದರು, ಎಷ್ಟು ಮಂದಿ ಬರಲಿಲ್ಲ, ಆ ತಿಂಗಳು ಎಷ್ಟು ಮೊಟ್ಟೆ ಬಂತು ಎಂಬುದೂ ಅದರಲ್ಲಿರಲಿ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿದರೆ, ಸುಳ್ಳಿದ್ದರೆ ಮೊದಲು ಎದ್ದು ನಿಲ್ಲುವವರು ತಾಯಂದಿರೇ.