ಆಳುದ್ದದ ಬಿಲ್ಲು ಎಲ್ಲರಿಗೂ ಒಪ್ಪುತ್ತದೆಯೇ?

ಮರದ ಉದ್ದಬಿಲ್ಲು ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಸಲಹೆ, ‘ನೀವೆಷ್ಟು ಎತ್ತರವೋ ಬಿಲ್ಲೂ ಅಷ್ಟೇ ಇರಲಿ’ ಎಂಬುದು. ಈ ಮಾತು ಬಹಳ ಹಳೆಯದು. ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1465ರಲ್ಲಿ ಐರ್ಲೆಂಡಿಗಾಗಿ ಮಾಡಿದ ಕಾನೂನು, ಬಿಲ್ಲು ಅದನ್ನು ಹಿಡಿಯುವವನ ಎತ್ತರಕ್ಕಿಂತ ಕನಿಷ್ಠ ಒಂದು ಮುಷ್ಟಿಯಳತೆಯಾದರೂ ಹೆಚ್ಚಿರಬೇಕು ಎಂದು ವಿಧಿಸಿತ್ತು. ಅದಕ್ಕೂ ಶತಮಾನಗಳ ಹಿಂದೆ ಗ್ರೀಕ್ ಲೇಖಕ ಆರಿಯನ್, ಭಾರತದ ಕಾಲಾಳುಗಳ ಬಿಲ್ಲು ಅವರಷ್ಟೇ ಉದ್ದವಿತ್ತು ಎಂದು ಬರೆದಿಟ್ಟಿದ್ದಾನೆ. ಇಷ್ಟು ಕಾಲ ಬಾಳಿ ಬಂದ ಸೂತ್ರದಲ್ಲಿ ಹುರುಳಿದೆ. ಆದರೆ ಆ ಹುರುಳು ಇರುವುದು ಎತ್ತರದಲ್ಲಲ್ಲ, ಎಳೆತದಲ್ಲಿ.

ಎಳೆತವೆಂದರೆ ಬಿಲ್ಲುಗಾರರು ‘ಡ್ರಾ ಲೆಂಗ್ತ್’ ಎನ್ನುವ ಅಳತೆ. ಹೆದೆಯನ್ನು ಪೂರ್ತಿ ಸೆಳೆದು ನಿಲ್ಲಿಸಿದಾಗ ಬಿಲ್ಲಿನ ಹಿಡಿಯಿಂದ ಹೆದೆಯವರೆಗೆ ಇರುವ ದೂರ ಅದು. ಎರಡೂ ತೋಳು ಚಾಚಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಅಂದಾಜು ಲೆಕ್ಕ ಸಿಗುತ್ತದೆ. ಹೆಚ್ಚಿನವರ ತೋಳಗಲ ಅವರ ಎತ್ತರಕ್ಕೆ ಹೆಚ್ಚುಕಡಿಮೆ ಸಮ. 170 ಸೆಂ.ಮೀ. ಎತ್ತರದವನ ಎಳೆತ ಸುಮಾರು 68 ಸೆಂ.ಮೀ. ಅವನು ತನ್ನಷ್ಟೇ ಉದ್ದದ ಬಿಲ್ಲು ಹಿಡಿದರೆ ಅದು ಎಳೆತದ ಎರಡೂವರೆ ಪಟ್ಟು ಆಗುತ್ತದೆ. ಹಳೆಯ ಸೂತ್ರ ಗೊತ್ತಿಲ್ಲದೆಯೇ ಕಾಪಾಡಿಕೊಂಡು ಬಂದದ್ದು ಈ ಅನುಪಾತವನ್ನು.

ಈ ಅನುಪಾತ ಯಾಕೆ ಮುಖ್ಯ? ಬಿಲ್ಲು ಬಾಗಿದಾಗ ಗುರಿಯ ಕಡೆಗಿನ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿನ ಮೈ ಅದುಮಿಕೊಳ್ಳುತ್ತದೆ. ಇಂಗ್ಲಿಷ್ ಬಿಲ್ಲಿಗೆ ಯೂ ಮರ ಒದಗಿದ್ದು ಇದಕ್ಕೇ: ಅದರ ಹೊರಗಿನ ಬಿಳಿಮರ ಹಿಗ್ಗನ್ನು ತಾಳುತ್ತದೆ, ಒಳಗಿನ ಚೇಗು ಅದುಮನ್ನು ತಾಳುತ್ತದೆ. ಆದರೂ ಯಾವ ಮರಕ್ಕೂ ಒಂದು ಮಿತಿ ಇದೆ. ಅಷ್ಟೇ ಎಳೆತಕ್ಕೆ ಗಿಡ್ಡ ಬಿಲ್ಲು ಹೆಚ್ಚು ಬಾಗಬೇಕು. ಮಿತಿ ಮೀರಿದರೆ ಹೆದೆ ಬಿಚ್ಚಿದ ಮೇಲೂ ಅದು ಡೊಂಕಾಗಿಯೇ ಉಳಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಮುರಿಯದ ಬಿಲ್ಲೂ ದಣಿಸಬಲ್ಲದು. ಗಿಡ್ಡ ಬಿಲ್ಲನ್ನು ನಿಧಾನವಾಗಿ ಸೆಳೆಯುತ್ತ ಅದರ ಕೊಪ್ಪನ್ನು ಗಮನಿಸಿ. ಅಲ್ಲಿ ಬಿಲ್ಲಿನ ತುದಿಗೂ ಹೆದೆಗೂ ನಡುವಿನ ಕೋನ ಅಗಲವಾಗುತ್ತ ಹೋಗುತ್ತದೆ. ಅದು ಲಂಬಕೋನದ ಹತ್ತಿರ ಬಂದಂತೆ ಕೊನೆಯ ಎರಡು ಇಂಚು ದಿಢೀರನೆ ಬಿಗಿಯಾಗುತ್ತದೆ. ಹೆದೆಯ ಮೇಲಿನ ಬೆರಳುಗಳು ಬಾಣದ ಬುಡಕ್ಕೆ ಒತ್ತಿ ನೋಯುತ್ತವೆ, ಬಿಡುವ ಗಳಿಗೆಯಲ್ಲಿ ಕೈ ಅದುರುತ್ತದೆ. ಅತಿ ಉದ್ದದ ಬಿಲ್ಲಿನ ತೊಂದರೆ ಬೇರೆ. ಅದರಲ್ಲಿ ಸೆಳೆತ ನಯ, ಗುರಿ ತಪ್ಪುವುದೂ ಕಡಿಮೆ. ಆದರೆ ಶಕ್ತಿಯ ಒಂದು ಪಾಲು ಭಾರದ ತುದಿಗಳನ್ನು ಓಡಿಸುವುದರಲ್ಲೇ ಕಳೆದುಹೋಗಿ ಬಾಣ ನಿಧಾನವಾಗುತ್ತದೆ.

ಆಳುದ್ದದ ಸೂತ್ರ ಎಡವುವುದು ಎಲ್ಲಿ ಎಂಬುದನ್ನು ತೋರಿಸುವ ಅತ್ಯುತ್ತಮ ಸಾಕ್ಷ್ಯ ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್. ಅದು ಮುಳುಗಿದ್ದು 1545ರ ಜುಲೈ 19ರಂದು, ಮೇಲೆ ಬಂದದ್ದು 1982ರಲ್ಲಿ. ಅದರಲ್ಲಿ ಇಡಿಯಾಗಿ ಸಿಕ್ಕ 137 ಬಿಲ್ಲುಗಳ ಉದ್ದ 187ರಿಂದ 211 ಸೆಂ.ಮೀ., ಸರಾಸರಿ 198. ನೌಕೆಯಲ್ಲಿದ್ದವರ ಸರಾಸರಿ ಎತ್ತರವೋ 170ರ ಆಸುಪಾಸು. ಸುಮಾರು ಒಂದಡಿ ಹೆಚ್ಚಿನ ಬಿಲ್ಲು ಯಾಕೆ ಬೇಕಾಯಿತು? ಉತ್ತರ ಬಾಣಗಳಲ್ಲಿದೆ: ಅವುಗಳ ಸರಾಸರಿ ಉದ್ದ ಸುಮಾರು 76 ಸೆಂ.ಮೀ. ನಮ್ಮ ಕಾವ್ಯಗಳ ವೀರರಂತೆ ಆ ಸೈನಿಕರೂ ಹೆದೆಯನ್ನು ಆಕರ್ಣಾಂತ ಸೆಳೆಯುತ್ತಿದ್ದರು. ನೌಕೆ ಮುಳುಗಿದ ವರ್ಷವೇ ಹೊರಬಂದ ‘ಟಾಕ್ಸೊಫಿಲಸ್’ ಎಂಬ ಬಿಲ್ವಿದ್ಯೆಯ ಪುಸ್ತಕದಲ್ಲಿ ರೋಜರ್ ಆಸ್ಕಮ್ ಮೆಚ್ಚಿದ್ದೂ ಆ ಸೆಳೆತವನ್ನೇ. ಕಿವಿಯವರೆಗೆ ಹೋದಾಗ ಎಳೆತ ಬೆಳೆಯುತ್ತದೆ, ಎತ್ತರ ಬೆಳೆಯುವುದಿಲ್ಲ. 198ನ್ನು 76ರಿಂದ ಭಾಗಿಸಿದರೆ 2.6. ಅನುಪಾತ ಉಳಿದಿದೆ, ಆಳುದ್ದ ಮಾತ್ರ ಬಿದ್ದುಹೋಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಬಿಲ್ಲುಗಾರ ಹೊರೇಸ್ ಫೋರ್ಡ್ ಕಿವಿಯ ಸೆಳೆತವನ್ನು ಬಿಟ್ಟು ಗದ್ದದ ಕೆಳಗೆ ಸೆಳೆಯುವುದನ್ನು ಬಲವಾಗಿ ಪ್ರತಿಪಾದಿಸಿದ. ಎಳೆತ ಕುಗ್ಗಿತು, ಆರಡಿಯ ಬಿಲ್ಲು ಸಾಕಾಯಿತು. ಇಂದಿನ ಬ್ರಿಟಿಷ್ ಉದ್ದಬಿಲ್ಲು ಸ್ಪರ್ಧೆಗಳ ನಿಯಮ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. 27 ಇಂಚಿಗಿಂತ ಚಿಕ್ಕ ಬಾಣಕ್ಕೆ ಕನಿಷ್ಠ ಐದಡಿಯ ಬಿಲ್ಲು, ಅದಕ್ಕಿಂತ ದೊಡ್ಡದಕ್ಕೆ ಐದೂವರೆ ಅಡಿಯದು ಎಂದು ಅದು ಬಾಣವನ್ನು ನೋಡಿ ಉದ್ದ ಹೇಳುತ್ತದೆ, ಆಳನ್ನು ನೋಡಿ ಅಲ್ಲ. ಆದರೆ ಅದು ಕನಿಷ್ಠ ಮಿತಿ. ಹೊಸಬರು ಅದನ್ನೇ ಸಲಹೆ ಎಂದುಕೊಳ್ಳಬಾರದು. 28 ಇಂಚು ಸೆಳೆಯುವವರಿಗೆ ಐದೂವರೆ ಅಡಿ ಎಂದರೆ ಎಳೆತದ 2.4 ಪಟ್ಟೂ ಇಲ್ಲ. ಒಂದೇ ಮರದ ತುಂಡಿನ ಬಿಲ್ಲಿಗೆ ಅದು ಇಕ್ಕಟ್ಟು.

ಈ ಲೆಕ್ಕ ಮರದ ಬಿಲ್ಲಿಗೆ ಮಾತ್ರ ಸಲ್ಲುತ್ತದೆ. ಕೊಂಬು, ಮರ, ನರಗಳನ್ನು ಕೂಡಿಸಿ ಅಂಟಿಸಿದ ತುರ್ಕಿ ಬಿಲ್ಲು ಮರದ ಉದ್ದಬಿಲ್ಲಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉದ್ದವಿದ್ದೂ ಪೂರ್ಣ ಎಳೆತವನ್ನು ತಾಳುತ್ತದೆ.

ನನ್ನ ತೀರ್ಮಾನ ಇಷ್ಟು. ಆಳುದ್ದದ ಸೂತ್ರ ಸುಳ್ಳಲ್ಲ, ಅರ್ಧ ಸತ್ಯ. ತೋಳು ಎತ್ತರಕ್ಕೆ ಸಮವಿದ್ದು ಗದ್ದದವರೆಗೆ ಸೆಳೆಯುವವರಿಗೆ ಅದು ಸರಿಯಾದ ಬಿಲ್ಲನ್ನೇ ಕೊಡುತ್ತದೆ. ಉದ್ದ ತೋಳಿನವರಿಗೆ, ಕಿವಿಯವರೆಗೆ ಸೆಳೆಯುವವರಿಗೆ ಗಿಡ್ಡ ಬಿಲ್ಲನ್ನು ಕೊಟ್ಟು ಮೋಸ ಮಾಡುತ್ತದೆ. ಕೊಳ್ಳುವ ಮುನ್ನ ಹಗುರವಾದ ಬಿಲ್ಲೊಂದರಲ್ಲಿ ಗುರುತು ಹಾಕಿದ ಬಾಣವಿಟ್ಟು, ನಿಮ್ಮ ರೂಢಿಯ ನೆಲೆಯವರೆಗೆ ಸೆಳೆದು, ಇನ್ನೊಬ್ಬರಿಂದ ಅಳೆಸಿ. ಅದರ ಎರಡೂವರೆ ಪಟ್ಟಿಗೆ ಕಡಿಮೆ ಇಲ್ಲದ ಬಿಲ್ಲು ಆರಿಸಿ. ಬಿಲ್ಲು ಯಾವ ಎಳೆತಕ್ಕೆ ಹದಗೊಂಡಿದೆಯೋ ಆ ಅಂಕಿಯನ್ನು ಹಿಡಿಯ ಬಳಿ ಬರೆದಿಡಿ, ಅದಕ್ಕಿಂತ ಉದ್ದ ಎಳೆತದವರ ಕೈಗೆ ಆ ಬಿಲ್ಲನ್ನು ಕೊಡಬೇಡಿ.